ಮೀಡಿಯಂ ಸೈಜಿನ ಕುತ್ತಿಗೆ

ಹಲ್ಲುಜ್ಜುತ್ತಿದ್ದಾಗ ಹಿಂದಿನಿಂದ ಅಮ್ಮನ ಕೈ ಬಂತು. ಪಾತ್ರೆ ತೊಳೆದ ಒದ್ದೆ ಕೈ. ಕೇಳಲಿಲ್ಲ, ಹೇಳಲಿಲ್ಲ; ದವಡೆಯ ಕೆಳಗೆ ಎರಡೂ ಬದಿಗೆ ಎರಡೆರಡು ಬೆರಳಿಟ್ಟು ಒತ್ತಿತು, ಹಣ್ಣು ಕಳಿತಿದೆಯೋ ಇಲ್ಲವೋ ಎಂದು ಅಂಗಡಿಯಲ್ಲಿ ನೋಡುವ ಹಾಗೆ ಒಂದಿಷ್ಟು ಅದುಮಿತು, ಬಲಗಡೆಯದನ್ನು ಇನ್ನೊಮ್ಮೆ ಹುಡುಕಿಕೊಂಡು ಹೋಯಿತು. ಬಾಯಿ ತುಂಬ ನೊರೆಯಿದ್ದುದರಿಂದ ಅವಳು ಏನೂ ಅನ್ನುವಂತಿರಲಿಲ್ಲ. ಕನ್ನಡಿಯಲ್ಲಿ ಅಮ್ಮನ ಮುಖ ಅವಳ ಮುಖದ ಪಕ್ಕದಲ್ಲೇ ಇತ್ತು, ಆದರೆ ಗಮನವೆಲ್ಲ ಬೆರಳ ತುದಿಯಲ್ಲಿತ್ತು. ಎಡಗಡೇದು ಇಳಿದಿದೆ, ಬಲಗಡೇದು ಹಾಗೇ ಇದೆ ಎಂದು ಅಮ್ಮ ಹೋಗುತ್ತ ಹೇಳಿದ್ದು ಅವಳಿಗಲ್ಲ, ಮನೆಗೆ. ಒಳಗಿನಿಂದ ಅತ್ತಿಗೆ, ನಿನ್ನೆ ರಾತ್ರಿ ನಾನೂ ಮುಟ್ಟಿ ನೋಡಿದೆ ಅತ್ತೆ, ಗಟ್ಟಿಯಾಗೇ ಇದೆ ಎಂದಳು. ಅವಳಿಗೆ ಮೈಯೆಲ್ಲ ಉರಿಯಿತು. ಯಾವಾಗ ಮುಟ್ಟಿದಳು? ನಿದ್ದೆ ಮಾಡುತ್ತಿದ್ದಾಗಲೇ?

ಜ್ವರ ಬಿಟ್ಟು ನಾಲ್ಕನೇ ವಾರ. ನೆಗಡಿ ಹೋಯಿತು, ಕೆಮ್ಮು ಹೋಯಿತು, ಒಂಬತ್ತು ದಿನ ಕಾಣೆಯಾಗಿದ್ದ ಸ್ವರವೂ ಸೀಳುಸೀಳಾಗಿ ಮರಳಿತು. ಉಳಿದದ್ದು ಈ ಗಂಟುಗಳು. ಡಾಕ್ಟರು ಮೂರೇ ನಿಮಿಷದಲ್ಲಿ ನೋಡಿ, ಶೀತಜ್ವರ ಬಂದಾಗ ಕುತ್ತಿಗೆಯ ಗ್ರಂಥಿಗಳು ಊದುವುದು ಸಹಜ, ನಿಧಾನವಾಗಿ ತಾವೇ ಇಳಿಯುತ್ತವೆ, ದಿನ ಹೋದಂತೆ ದೊಡ್ಡದಾದರೆ ಅಥವಾ ಜ್ವರ ಮತ್ತೆ ಬಂದರೆ ಮಾತ್ರ ಬನ್ನಿ, ಅಲ್ಲಿಯವರೆಗೆ ಮುಟ್ಟಿ ಮುಟ್ಟಿ ನೋಡಬೇಡಿ ಎಂದಿದ್ದರು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮನೆಯವರು ಕೇಳಿಸಿಕೊಂಡಿದ್ದರು. ಅಣ್ಣ ಮಾತ್ರ ಮುಟ್ಟುತ್ತಿರಲಿಲ್ಲ. ಗೋಲಿ ನುಂಗಿದವಳೇ, ಎಷ್ಟು ಗೆದ್ದೆ ಎಂದು ದಿನಕ್ಕೊಂದು ಸಲ ಕೇಳಿ ತಾನೇ ನಗುತ್ತಿದ್ದ. ಇವತ್ತೂ ತಟ್ಟೆಯ ಮುಂದೆ ಕೂತಾಗ ಕೇಳಿದ. ಅವಳು ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಇಪ್ಪತ್ನಾಲ್ಕು ವರ್ಷ ಹೀಗೇ ಆಯಿತು, ಯಾರೋ ಏನೋ ಅನ್ನುತ್ತಾರೆ, ತುಟಿಯೆರಡೂ ಅವಳನ್ನು ಕೇಳದೆ ನಕ್ಕುಬಿಡುತ್ತವೆ. ತುತ್ತು ನುಂಗುವಾಗ ಬಲಗಿವಿಯವರೆಗೆ ಒಂದು ಸಣ್ಣ ಎಳೆತ. ನುಂಗಿದಳು. ಮಧ್ಯಾಹ್ನದೊಳಗೆ ಬರೆದುಕೊಡಬೇಕಾದ ಕಾಗದದ ಸುದ್ದಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಇವರೆಲ್ಲರ ಕೈ ಅದರ ಮೇಲೂ ಬೀಳುತ್ತದೆ.

ಕಾಗದದಲ್ಲಿ ಏನಿರಬೇಕೆಂದು ಕಾರ್ಖಾನೆಯ ಮ್ಯಾನೇಜರೇ ನಿನ್ನೆ ಸಂಜೆ ಬಾಯಲ್ಲಿ ಹೇಳಿದ್ದರು. ಅಳತೆ ತೆಗೆಯುವ ದಿನ ನನ್ನ ಕುತ್ತಿಗೆ ಊದಿತ್ತು, ಆ ವಿಷಯವನ್ನು ಕಟಿಂಗ್ ಮಾಸ್ಟರಿಗೆ ತಿಳಿಸದೆ ಮುಚ್ಚಿಟ್ಟೆ, ಆದ ತಪ್ಪಿಗೆಲ್ಲ ನಾನೇ ಹೊಣೆ. ಮೂರೇ ಸಾಲು. ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೀರಿ ಎಂದು ಬೇರೆ ಹೇಳಿದ್ದರು. ಬರೆದುಕೊಟ್ಟರೆ ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತಾರೆ, ಇಲ್ಲದಿದ್ದರೆ ಮನೆಗೆ. ಬಸ್ಸಿನಲ್ಲಿ ನಿಂತು ಆ ಮೂರು ಸಾಲನ್ನು ಮನಸ್ಸಿನಲ್ಲೇ ತಿದ್ದುತ್ತ ಹೋದಳು. ಮುಚ್ಚಿಟ್ಟೆ ಎಂಬುದರ ಬದಲು ತಿಳಿಸಲಾಗಲಿಲ್ಲ ಎಂದರೆ? ಸ್ವರ ಇರಲಿಲ್ಲ ಎಂದರೆ? ಆಮೇಲೆ ತಟ್ಟನೆ ಹೊಳೆಯಿತು, ತನ್ನ ಕೊರಳನ್ನು ತಾನೇ ಕೊಯ್ಯುವ ಕತ್ತರಿಗೆ ಸಾಣೆ ಹಿಡಿಯುತ್ತಿದ್ದೇನೆ, ಅದೂ ಚೆಂದವಾಗಿ. ಮುಂದಿನ ಸೀಟಿನಲ್ಲಿ ಯಾರೋ ತಿರುಗಿ ನೋಡಿದರು. ಅವಳು ಹಲ್ಲು ಕಡಿದ ಸದ್ದು ಕೇಳಿಸಿರಬೇಕು.

ಆ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ತೆಗೆದುಕೊಂಡದ್ದು ಅಳತೆ ಪುಸ್ತಕ ಬರೆಯಲು. ಸ್ಯಾಂಪಲ್ ಕೋಣೆಯಲ್ಲಿ ಮಾಸ್ಟರು ಟೇಪು ಹಿಡಿದು ಸಂಖ್ಯೆ ಕೂಗುತ್ತಾರೆ, ಇವಳು ಬರೆದುಕೊಳ್ಳುತ್ತಾಳೆ. ಭುಜ, ಹದಿನಾಲ್ಕೂವರೆ. ತೋಳು, ಇಪ್ಪತ್ತೆರಡು. ಅಷ್ಟೇ ಕೆಲಸ. ಬಿ.ಎ. ಓದಿದವಳಿಗೆ ಅದು ಸಾಕೇ ಎಂದು ಯಾರಾದರೂ ಕೇಳಿದರೆ ಸಾಕು ಅನ್ನುತ್ತಿದ್ದಳು. ಯಾರೊಂದಿಗೂ ಮಾತಾಡಬೇಕಾಗಿಲ್ಲ, ಕೂಗಿದ್ದನ್ನು ಬರೆದರಾಯಿತು. ಎರಡನೇ ತಿಂಗಳಲ್ಲಿ ಒಂದು ದಿನ ಮಾಸ್ಟರು ಅವಳನ್ನೇ ತಲೆಯಿಂದ ಕಾಲಿನವರೆಗೆ ನೋಡಿ, ಇಲ್ಲಿ ಬಾ ಮಗಳೇ, ನಿಂತ್ಕೊ ಎಂದರು. ಟೇಪು ಹಿಡಿದರು. ಎದೆ, ಸೊಂಟ, ಭುಜ, ಕುತ್ತಿಗೆ, ಒಂದೊಂದೂ ಗೋಡೆಯ ಪಟ್ಟಿಯಲ್ಲಿದ್ದ ಮಧ್ಯಮ ಅಳತೆಗೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ದೇವರು ನಮ್ಮ ಪಟ್ಟಿ ನೋಡ್ಕೊಂಡೇ ಇವಳನ್ನ ಮಾಡಿದಾನೆ ಎಂದು ಮಾಸ್ಟರು ಹೇಳಿದಾಗ ಎಲ್ಲರೂ ನಕ್ಕಿದ್ದರು. ಅವತ್ತಿನಿಂದ ಅವಳ ಹೆಸರು ಮೀಡಿಯಂ. ಮೀಡಿಯಂ ಬಂದ್ಲಾ, ಮೀಡಿಯಂ ಊಟಕ್ಕೆ ಹೋಗಿದಾಳೆ, ಮೀಡಿಯಂ, ಒಂದ್ ನಿಮಿಷ ಇದನ್ನ ಹಾಕ್ಕೊ. ಹಲಗೆಯ ಮೇಲೆ ನಿಲ್ಲುತ್ತಿದ್ದಳು. ಕಂಕುಳಿಗೆ ಗುಂಡುಪಿನ್ನು, ಬೆನ್ನಿಗೆ ಸೀಮೆಸುಣ್ಣ, ಅವಳ ತಲೆಯ ಮೇಲಿನಿಂದ ಇಬ್ಬರ ಮಾತುಕತೆ. ಮೂಲೆಯಲ್ಲಿದ್ದ ಬಟ್ಟೆಯ ಗೊಂಬೆಗೆ ತಲೆಯಿರಲಿಲ್ಲ, ಕುತ್ತಿಗೆಯಿರಬೇಕಾದಲ್ಲಿ ಒಂದು ಮರದ ಮುಚ್ಚಳವಿತ್ತು. ಪಿನ್ನು ಚುಚ್ಚಿದರೆ ಗೊಂಬೆ ಅನ್ನುವುದಿಲ್ಲ, ಅವಳೂ ಅನ್ನುತ್ತಿರಲಿಲ್ಲ. ಅಷ್ಟು ಬೇಗ ಕಲಿತಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಇತ್ತು. ಇವಳಷ್ಟು ಅಲುಗಾಡದೆ ನಿಲ್ಲೋರು ಇಲ್ಲ ಎಂದು ಮಾಸ್ಟರು ಯಾರಿಗಾದರೂ ಹೇಳಿದ ದಿನ ಮನೆಗೆ ಹೋಗುವಾಗ ಹೆಜ್ಜೆ ಹಗುರವಾಗುತ್ತಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಹೋಟೆಲಿನವರ ಸಮವಸ್ತ್ರದ ಆರ್ಡರು ಬಂದದ್ದು ಅವಳು ಮಲಗಿದ್ದ ವಾರದಲ್ಲಿ. ಸಾವಿರದೆಂಟುನೂರು ಅಂಗಿ, ಎಲ್ಲದಕ್ಕೂ ಕುತ್ತಿಗೆಯನ್ನು ಸುತ್ತಿ ನೆಟ್ಟಗೆ ನಿಲ್ಲುವ ಎತ್ತರದ ಕಾಲರು, ಮುಂದೆ ಒಂದೇ ಕೊಕ್ಕೆ. ಅಂಥ ಕಾಲರಿಗೆ ಹಳೆಯ ಮಾದರಿ ಇರಲಿಲ್ಲ; ಮಧ್ಯಮದ್ದೊಂದು ಕತ್ತರಿಸಿದರೆ ಉಳಿದ ಸೈಜುಗಳನ್ನು ಅದರಿಂದಲೇ ಹಿಗ್ಗಿಸಿ ಕುಗ್ಗಿಸಿ ಮಾಡುತ್ತಿದ್ದರು. ಗೋಡೆಯ ಪಟ್ಟಿಯಲ್ಲಿ ಕುತ್ತಿಗೆಯ ಬುಡದ ಅಳತೆಯಿತ್ತು, ನಡುವಿನದಿರಲಿಲ್ಲ. ಗೊಂಬೆಗಂತೂ ಮುಚ್ಚಳ. ಜ್ವರ ಬಿಟ್ಟ ನಾಲ್ಕನೇ ದಿನ ಅವಳು ಕೆಲಸಕ್ಕೆ ಹೋದಾಗ ಬಾಗಿಲಲ್ಲೇ ಮಾಸ್ಟರು ಕಾಯುತ್ತಿದ್ದರು, ಸಂಜೆಯೊಳಗೆ ಮಾದರಿ ಕತ್ತರಿಸಿ ಕೊಡಬೇಕಿತ್ತು. ಅವಳ ಗಂಟಲಿನಲ್ಲಿ ಸ್ವರವಿರಲಿಲ್ಲ, ಬರೀ ಗಾಳಿ. ಹಲಗೆ ಹತ್ತಿದಳು. ಪುಸ್ತಕ, ಪೆನ್ನು ಅವಳ ಕೈಯಲ್ಲೇ; ಅಳೆಸಿಕೊಳ್ಳುವವಳೂ ಅವಳೇ, ಬರೆದುಕೊಳ್ಳುವವಳೂ ಅವಳೇ. ಟೇಪು ಕುತ್ತಿಗೆಯನ್ನು ಸುತ್ತಿತು, ಅದರ ಹಿಂದೆಯೇ ಮಾಸ್ಟರ ಬೆರಳುಗಳು. ಕಣ್ಣು ಮುಚ್ಚಿಕೊಂಡು ಬಟ್ಟೆ ಸವರಿ ಇದು ಯಾವ ಗಿರಣಿಯದು ಎಂದು ಹೇಳಬಲ್ಲ ಬೆರಳುಗಳು. ಅವು ಬಲಗಡೆಯ ಗಂಟಿನ ಮೇಲೆ ಬಂದವು. ನಿಂತವು. ನೋವಿಗೆ ಅವಳ ಕಣ್ಣಲ್ಲಿ ನೀರಾಡಿತು. ಬೆರಳುಗಳು ಎಡಗಡೆಗೆ ಹೋಗಿ ಅಲ್ಲಿಯೂ ನಿಂತವು, ಮತ್ತೆ ಟೇಪಿಗೆ ಮರಳಿದವು. ಹದಿನಾಲ್ಕೂಕಾಲು ಎಂದರು ಮಾಸ್ಟರು. ಪೆನ್ನು ಮುಂದೆ ಹೋಗಲಿಲ್ಲ. ಅವಳ ಕುತ್ತಿಗೆಯ ನಡುವಿನ ಅಳತೆ ಹದಿಮೂರೂವರೆ. ಸ್ಕಾರ್ಫಿನ ಅಳತೆಗೆಂದು ಹಿಂದೊಮ್ಮೆ ಅವರೇ ಕೂಗಿದ್ದರು, ಅವಳೇ ಬರೆದಿದ್ದಳು. ತಲೆಯೆತ್ತಿ ಅವರನ್ನು ನೋಡಿದಳು. ಅವರೂ ನೋಡಿದರು. ಬಾಗಿಲ ಬಳಿ ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಬರಿ ಮಗಳೇ, ಬರಿ ಎಂದರು ಮಾಸ್ಟರು. ಬರೆದಳು. ದುಂಡಗೆ, ಓರೆಯಿಲ್ಲದೆ, ಹದಿನಾಲ್ಕೂಕಾಲು.

ಬಸ್ಸು ಇಳಿದು ಕಾರ್ಖಾನೆಯ ಗೇಟಿನವರೆಗೆ ನಡೆಯುವ ಇನ್ನೂರು ಹೆಜ್ಜೆಯಲ್ಲಿ ಅವಳು ಮೂರು ವಾರದಿಂದ ಮಾಡಿದ್ದನ್ನೇ ಮತ್ತೆ ಮಾಡಿದಳು: ಅವತ್ತು ತುಟಿ ಅಲ್ಲಾಡಿತ್ತೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಒಮ್ಮೊಮ್ಮೆ ಅಲ್ಲಾಡಿತ್ತು, ಊದಿದೆ ಮಾಸ್ಟರ್ ಎಂಬ ಗಾಳಿ ಹೊರಟಿತ್ತು. ಒಮ್ಮೊಮ್ಮೆ ಇಲ್ಲ. ಎಷ್ಟು ಸಲ ನೆನೆದಿದ್ದಳೆಂದರೆ ಈಗ ನೆನಪೂ ಎಲ್ಲರ ಕೈಸೋಂಕಿ ಕೊಳೆಯಾದ ಬಟ್ಟೆಯ ಹಾಗಾಗಿತ್ತು. ಇವತ್ತು ಮಾತ್ರ, ಗೇಟಿನ ಕಂಬದ ಹತ್ತಿರ, ಒಂದು ಸಣ್ಣ ಸತ್ಯ ಕೆಟ್ಟ ವಾಸನೆಯ ಹಾಗೆ ಮೂಗಿಗೆ ಬಡಿಯಿತು. ಹೇಳಿರಲಿಲ್ಲ. ಹೇಳುವಷ್ಟು ಗಾಳಿ ಗಂಟಲಲ್ಲಿತ್ತು. ಹೇಳಿದರೆ ಅಲುಗಾಡದೆ ನಿಲ್ಲುವವಳು ಎಂಬ ಹೆಸರು ಹೋಗುತ್ತದೆಂದು ಹೇಳಿರಲಿಲ್ಲ. ಕಾಲು ನಿಂತಿತು. ಹಾಗಾದರೆ ಆ ಮೂರು ಸಾಲು ನಿಜವೇ? ಮುಚ್ಚಿಟ್ಟೆ? ಕುತ್ತಿಗೆಯನ್ನು ಎಲ್ಲಿ ಮುಚ್ಚಿಡುತ್ತಾರೆ? ಹಿಂದಿನಿಂದ ಬಂದವರು ಭುಜ ತಾಗಿಸಿಕೊಂಡು ಮುಂದೆ ಹೋದರು, ದಾರಿ ಬಿಡಮ್ಮಾ ಅನ್ನುತ್ತ. ಬಿಟ್ಟಳು.

ಸ್ಯಾಂಪಲ್ ಕೋಣೆಯಲ್ಲಿ ಹೋಟೆಲಿನಿಂದ ವಾಪಸು ಬಂದ ಪೆಟ್ಟಿಗೆಗಳನ್ನು ಸೊಂಟದೆತ್ತರ ಪೇರಿಸಿದ್ದರು. ಗುಂಡಿ ಹಾಕುವ ಹೆಂಗಸು, ಎಲ್ಲರಿಗೂ ಗುಂಡಿ ಅಕ್ಕ, ಅದರ ಮೇಲೊಂದು ಕೈಯೂರಿ ನಿಂತಿದ್ದಳು. ಇವಳನ್ನು ಕಂಡದ್ದೇ, ಬಾ ತಾಯಿ, ನಿನ್ನಿಂದ ಸಾವಿರದೆಂಟುನೂರು ಕೊಕ್ಕೆ ಬಿಚ್ಚೋ ಭಾಗ್ಯ ನಂದು ಎಂದಳು. ಇಸ್ತ್ರಿಯವನು, ಮೀಡಿಯಂ ಅಂತ ನಂಬಿದ್ವಿ, ಲಾರ್ಜ್ ಆಗಿಬಿಟ್ಲು ಎಂದ. ತುಟಿಗಳು ನಗಲು ಹೊರಟವು. ಹಿಡಿದು ನಿಲ್ಲಿಸಿದಳು. ಮುಖದಲ್ಲಿ ನಗು ಇಲ್ಲದೆ ಅವರನ್ನು ನೋಡಿದಾಗ ಇಸ್ತ್ರಿಯವನು ತನ್ನ ಮೇಜಿನತ್ತ ತಿರುಗಿದ, ಗುಂಡಿ ಅಕ್ಕ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿ, ಬರೆದುಕೊಟ್ಟು ಪ್ಯಾಕಿಂಗ್‌ಗೆ ಹೋಗ್ಬಿಡು, ಅಲ್ಲಿ ಫ್ಯಾನಾದರೂ ಇದೆ ಎಂದಳು. ಮಾಸ್ಟರು ಕತ್ತರಿಸುವ ಮೇಜಿನ ಆಚೆ ತಲೆ ತಗ್ಗಿಸಿ ಯಾವುದೋ ರಟ್ಟಿನ ಮೇಲೆ ಗೆರೆ ಎಳೆಯುತ್ತಿದ್ದರು. ಬಂದೆಯಾ ಮಗಳೇ ಎಂದು ಪ್ರತಿದಿನ ಕೇಳುತ್ತಿದ್ದವರು ಇವತ್ತು ಕೇಳಲಿಲ್ಲ.

ಹನ್ನೊಂದಕ್ಕೆ ಮ್ಯಾನೇಜರು ಬಂದು ಪೆಟ್ಟಿಗೆಯೊಂದನ್ನು ಒಡೆಸಿ, ಮಧ್ಯಮ ಅಳತೆಯ ಅಂಗಿಯನ್ನು ತೆಗೆದು, ಹಾಕ್ಕೊಳ್ಳಿ ಎಂದರು. ಹಲಗೆಯ ಮೇಲೆ, ತನ್ನ ಬಟ್ಟೆಯ ಮೇಲೆಯೇ ಹಾಕಿಕೊಂಡಳು. ಕೊಕ್ಕೆ ಬಿತ್ತು. ಕಾಲರು ಕುತ್ತಿಗೆಯನ್ನು ಬಿಟ್ಟು ದೂರ ನಿಂತಿತು, ಹೂಕುಂಡದ ಬಾಯಿಯ ಹಾಗೆ. ಎಲ್ಲರೂ ಬನ್ನಿ ನೋಡಿ ಎಂದು ಮ್ಯಾನೇಜರು ಕರೆದರು. ಹೊಲಿಗೆ ಸಾಲಿನಿಂದ ಇಬ್ಬರು ಎದ್ದು ಬಂದರು. ಮ್ಯಾನೇಜರು ಕಾಲರಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ಅತ್ತಿತ್ತ ಆಡಿಸಿ, ಹೀಗೆ ಹಾಕ್ಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತ್ರೆ ಜನ ಒಳಗೆ ಬರ್ತಾರಾ ಎಂದು ಕೇಳಿದರು. ಬೆರಳಿನ ಹಿಂಭಾಗ ಗಂಟಿಗೆ ತಾಗುತ್ತಿತ್ತು. ಅದು ಅಮ್ಮನ ಕೈಯಾಗಿತ್ತು, ಅತ್ತಿಗೆಯದಾಗಿತ್ತು, ಬಸ್ಸಿನಲ್ಲಿ ಪಕ್ಕ ಕೂತು ಅಯ್ಯೋ ಇದೇನು ಎಂದು ಸವರಿದ ಗುರುತಿಲ್ಲದ ಅಜ್ಜಿಯದಾಗಿತ್ತು. ಚಿಕ್ಕಂದಿನಲ್ಲಿ ಸಾಲಾಗಿ ನಿಲ್ಲಿಸಿ ಎಲ್ಲರ ಎದುರಿಗೆ ಗದ್ದ ಹಿಡಿದೆತ್ತಿ, ಇವಳಿಗೆ ಬಾಯಿಲ್ವಾ ಎಂದು ಕೇಳಿದ ಟೀಚರದಾಗಿತ್ತು. ಬಾಯಿತ್ತು. ಆಗಲೂ ಇತ್ತು. ಸಿಟ್ಟು ಮೂರನೆಯದೊಂದು ಗಂಟಾಯಿತು. ಕೈ ತೆಗೀರಿ ಅನ್ನಬೇಕೆಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ತಾವೇ ಕೈ ತೆಗೆದು, ಒಂದು ಬಿಳಿ ಹಾಳೆಯನ್ನು ಅವಳ ಕೈಗಿಟ್ಟು, ಊಟದ ಗಂಟೆ ಹೊಡೆಯೋದ್ರೊಳಗೆ ಎಂದು ಹೇಳಿ ಹೋದರು.

ಬಟ್ಟೆಯ ಸುರುಳಿಗಳನ್ನು ಒರಗಿಸಿದ್ದ ಮೂಲೆಯಲ್ಲಿ ಒಂದು ಸ್ಟೂಲಿತ್ತು. ಅಲ್ಲಿ ಕೂತು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಮಾಸ್ಟರು ಬಂದರು. ಸುರುಳಿಯೊಂದನ್ನು ಹುಡುಕುವವರ ಹಾಗೆ ಬೆನ್ನು ಮಾಡಿ ನಿಂತು, ಕೊರಳಿಗೆ ಜೋತುಹಾಕಿಕೊಂಡ ಟೇಪಿನ ಎರಡು ತುದಿಗಳನ್ನೂ ಹಿಡಿದುಕೊಂಡು ಮಾತು ತೆಗೆದರು. ತಮ್ಮ ಕಣ್ಣಿನ ಪೊರೆಯ ವಿಷಯ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಮಾದರಿ ವಾಪಸು ಬಂದಿರಲಿಲ್ಲ ಎಂದರು. ಇನ್ನು ಒಂದೂವರೆ ವರ್ಷ ಹೇಗೋ ದಬ್ಬಿದರೆ ಮರ್ಯಾದೆಯಿಂದ ಮನೆಗೆ ಹೋಗುತ್ತೇನೆ ಎಂದರು. ನೀನು ಚಿಕ್ಕವಳು, ಓದಿದವಳು, ನಿನಗೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ ಎಂದರು. ಅವಳು ಅವರ ಬೆನ್ನನ್ನೇ ನೋಡುತ್ತಿದ್ದಳು. ಅಂಗಿಯ ಹಿಂದಿನ ಕಾಲರು ಸವೆದು ಮಡಿಕೆಯಲ್ಲಿ ದಾರ ಕಾಣುತ್ತಿತ್ತು. ಊರಿಗೆಲ್ಲ ಕಾಲರು ಕತ್ತರಿಸುವವರದು.

"ಮಾಸ್ಟರ್, ಅವತ್ತು ಗೊತ್ತಾಗಿತ್ತಾ ನಿಮಗೆ?"

ಕೇಳಿದ್ದು ತಾನೇ ಎಂದು ನಂಬಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಮಾಸ್ಟರು ತಿರುಗಲಿಲ್ಲ. ಸುರುಳಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

"ಗೊತ್ತಾಗದೆ ಏನು ಮಗಳೇ. ಕೈಗೆ ಸಿಕ್ತಲ್ಲ. ಮುಕ್ಕಾಲು ಇಂಚು ಕಮ್ಮಿ ಮಾಡ್ಲಾ ಅಂತಾನೂ ಅನ್ಕೊಂಡೆ. ಅಂದಾಜಿಗೆ ಕತ್ತರಿಸಿದೋನಲ್ಲ ನಾನು, ಟೇಪು ಹೇಳಿದ್ದು ಬಿಟ್ಟು ಬೇರೆ ಕೂಗಿದೋನಲ್ಲ. ಇವತ್ತು ಬೇಡ, ಹತ್ತು ದಿನ ಬಿಟ್ಟು ಅಳೀತೀನಿ ಅನ್ನೋಣ ಅಂದ್ರೆ ಅವನು ಬಾಗಿಲಲ್ಲೇ ನಿಂತಿದ್ದ. ಎತ್ತರದ ಕಾಲರು, ಸ್ವಲ್ಪ ಸಡಿಲ ಇದ್ರೆ ಉಸಿರಾಡೋಕಾಗುತ್ತೆ ಅಂತ ಸಮಾಧಾನ ಮಾಡ್ಕೊಂಡೆ."

"ಮತ್ತೆ ನಿನ್ನೆ ಮ್ಯಾನೇಜರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ನಿನ್ನೆ…" ಎಂದರು ಮಾಸ್ಟರು. ಆಮೇಲೆ, "ನೀನೂ ಏನೂ ಹೇಳಲಿಲ್ವಲ್ಲ. ನಾನು ಯಾಕೆ ಹೇಳ್ಲಿ."

ಅದು ನಿಜ. ನಿಜವಾದ್ದರಿಂದಲೇ ತಡೆಯಲಾಗಲಿಲ್ಲ. ಅವಳ ಮೌನ ಅವಳದೊಂದೇ ಅಂದುಕೊಂಡಿದ್ದಳು, ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟುಕೊಂಡದ್ದು. ಇಷ್ಟು ದಿನ ಎಲ್ಲರೂ ಬಂದು ಅದರಿಂದ ತಮಗೆ ಬೇಕಾದಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಮಾಸ್ಟರ ಕಿವಿಯ ಮೇಲಿನ ಬಿಳಿ ಕೂದಲು, ಸವೆದ ಕಾಲರು, ಕಣ್ಣಿನ ಪೊರೆ, ಇವೆಲ್ಲ ಸಾಲಾಗಿ ಬಂದು ಅವಳ ಎದೆಯ ಬಾಗಿಲು ತಟ್ಟಿದವು, ಅಯ್ಯೋ ಪಾಪ ಅನ್ನಿಸಿಕೊಳ್ಳಲು. ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟು ಇಮ್ಮಡಿಯಾಯಿತು. ಪಾಪ ಅನ್ನುವುದು ಎಷ್ಟು ಸುಲಭವಾಗಿ ಬರುತ್ತದೆ ತನಗೆ, ನಗುವಿನ ಹಾಗೆಯೇ, ಯಾರೂ ಕೇಳದೆ. ತನ್ನ ಮೇಲೆ ಮಾತ್ರ ಅದು ಒಂದು ದಿನವೂ ಬಂದಿಲ್ಲ. ಬರೀತೀಯಲ್ವಾ ಎಂದು ಕೇಳಿ, ಅವಳ ತಲೆಯ ಮೇಲೊಮ್ಮೆ ಕೈಯಾಡಿಸಿ ಮಾಸ್ಟರು ಹೊರಟುಹೋದರು. ಕೈ ತಾಗಿದ ಜಾಗವನ್ನು ಅವಳು ಅಂಗೈಯಿಂದ ಒರೆಸಿಕೊಂಡಳು.

ಊಟದ ಗಂಟೆಗೆ ಇನ್ನೂ ಐದು ನಿಮಿಷವಿರುವಾಗಲೇ ಮ್ಯಾನೇಜರು ಬಂದು ಕತ್ತರಿಸುವ ಮೇಜಿನ ತಲೆಯಲ್ಲಿ ನಿಂತು ಕೈ ಚಾಚಿದರು. ಅವಳು ಮೂಲೆಯಿಂದೆದ್ದು ಬಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಒಂದಕ್ಷರವೂ ಇರಲಿಲ್ಲ. ಏನಿದು ಎಂದರು ಮ್ಯಾನೇಜರು.

"ಇನ್ನೂ ಬರೆದಿಲ್ಲ ಸರ್. ಮಾಸ್ಟರು ಹೇಳ್ಬೇಕು, ನಾನು ಬರ್ಕೋಬೇಕು. ನನ್ನ ಕೆಲಸ ಅದೇ ಅಲ್ವಾ."

ಸ್ವರ ಒಡೆದು, ಅರ್ಧ ಕಾಗೆಯದು ಅರ್ಧ ಅವಳದು, ಕೋಣೆಯ ಆ ಕೊನೆಯವರೆಗೆ ಹೋಯಿತು. ಹತ್ತಿರದ ಎರಡು ಮೆಷಿನ್ನು ನಿಂತವು. ಗುಂಡಿ ಅಕ್ಕನ ಸೂಜಿ ಗಾಳಿಯಲ್ಲೇ ಉಳಿಯಿತು. ಮ್ಯಾನೇಜರು, ಆಟ ಆಡ್ತಿದೀರಾ ಎಂದು ಕೇಳಿದರು. ಅವಳು ಮಾಸ್ಟರ ಕಡೆ ತಿರುಗಿದಳು. ಪೆನ್ನನ್ನು ಹಾಳೆಗೆ ತಾಗಿಸಿದಳು.

"ಹೇಳಿ ಮಾಸ್ಟರ್. ಅವತ್ತು ಕುತ್ತಿಗೆ ಎಷ್ಟಿತ್ತು?"

ಮಾಸ್ಟರು ಮ್ಯಾನೇಜರನ್ನು ನೋಡಿದರು, ನಿಂತ ಮೆಷಿನ್ನುಗಳನ್ನು ನೋಡಿದರು. ಕತ್ತರಿಯನ್ನು ಮೇಜಿನ ಮೇಲೆ ಒಂದಿಂಚು ಆಚೆ ಸರಿಸಿದರು. ಅವಳು ಕಾದಳು. ಪೆನ್ನಿನ ತುದಿ ಹಾಳೆಯ ಮೇಲೆ ಒಂದು ಚುಕ್ಕೆಯಾಗಿ ನಿಂತಿತ್ತು. ಕಣ್ಣು ತಗ್ಗಿಸಿದರೆ ಮುಗಿಯಿತು, ಅವರೂ ಉಳಿಯುತ್ತಾರೆ, ತಾನೂ ಫ್ಯಾನಿನ ಕೆಳಗೆ ಉಳಿಯುತ್ತೇನೆ. ತಗ್ಗಿಸಲಿಲ್ಲ.

"ಹದಿನಾಲ್ಕೂಕಾಲು," ಎಂದರು ಮಾಸ್ಟರು.

ಬರೆದಳು. "ಯಾವಾಗ್ಲೂ ಎಷ್ಟಿರ್ತಿತ್ತು?"

"ಹದಿಮೂರೂವರೆ."

ಬರೆದಳು. ಮ್ಯಾನೇಜರು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಹಾಗಾದರೆ ನಿಮಗೆ ಅವತ್ತೇ ವ್ಯತ್ಯಾಸ ಗೊತ್ತಿತ್ತಾ ಎಂದು ಅವರು ಮಾಸ್ಟರನ್ನು ಕೇಳಿದರು. ಮಾಸ್ಟರು, ಅಳತೆ ಕೂಗುವಾಗ ಯಾವಾಗಲೂ ಮಾಡುವಂತೆ ಪೆನ್ನನ್ನೇ ನೋಡುತ್ತ, ಅದು ಹಿಂದುಳಿಯದ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಎರಡೂ ಕಡೆ ಊದಿತ್ತು. ಕೈಗೆ ಸಿಕ್ತು. ಆದ್ರೂ ಕತ್ತರಿಸಿದೆ."

ದುಂಡಗೆ, ಓರೆಯಿಲ್ಲದೆ ಬರೆದಳು. ಹಾಳೆಯನ್ನು ತಿರುಗಿಸಿ ಅವರ ಮುಂದೆ ತಳ್ಳಿದಳು. ಮಾಸ್ಟರು ಪೆನ್ನನ್ನು ಸೂಜಿ ಹಿಡಿಯುವಂತೆ ಹಿಡಿದು, ಕಣ್ಣು ಕಿರಿದು ಮಾಡಿ, ಎಲ್ಲಿ ಎಂದು ಕೇಳಿದರು. ತೋರಿಸಿದಳು. ಸಹಿಯ ಬಾಲ ಹಾಳೆಯ ಅಂಚಿನವರೆಗೆ ಹೋಯಿತು. ಮ್ಯಾನೇಜರು ಹಾಳೆಯನ್ನೆತ್ತಿಕೊಳ್ಳಲು ಕೈ ಹಾಕಿದಾಗ ಅವಳು, ಇರಿ ಸರ್, ಮುಗಿದಿಲ್ಲ ಎಂದು ಅದನ್ನು ತನ್ನೆಡೆಗೆ ಎಳೆದುಕೊಂಡಳು. ಗಂಟೆ ಹೊಡೆಯಿತು. ಯಾರೂ ಊಟಕ್ಕೆ ಏಳಲಿಲ್ಲ. ಎದೆಯೊಳಗಿನ ಉರಿ ಇನಿತೂ ಆರಿರಲಿಲ್ಲ. ಅದು ಈಗ ಯಾರ ಮೇಲೆ ಎಂದು ಮಾತ್ರ ಸ್ಪಷ್ಟವಾಗಿತ್ತು. ಮಾಸ್ಟರ ಸಹಿಯ ಕೆಳಗೆ, ಯಾರೂ ಕೂಗದಿದ್ದ ಒಂದು ಸಾಲನ್ನು ಬರೆದಳು: ತಪ್ಪೆಂದು ಗೊತ್ತಿದ್ದೂ ಬರೆದುಕೊಂಡವಳು ನಾನು. ಅದರ ಕೆಳಗೆ ತನ್ನ ಸಹಿ ಹಾಕಿದಳು.